ಗ್ರೀಕ್ ಹೋಟೆಲ್‌ನ್ಯಾಗ ಏಳು ಮಂದಿ 2205 ರೂಪಾಯಿ, ಮನಿಗೆ ಬಂದು ಮತ್ತ ಅನ್ನ ಸಾರು. ಇದು ಅಗ್ಗ ಅಂತೀರೋ ತುಟ್ಟಿ ಅಂತೀರೋ?

ಶಹಾಪುರ_ಸೊಸಿ

ನಮಸ್ಕಾರ್ರಿ ಎಲ್ಲಾರಿಗೂ. ಒಂದ್ ವಿಷಯಾ ಕೇಳೂದೈತಿ, ನಗಬ್ಯಾಡ್ರಿ ಮತ್ತ. ಮೊನ್ನೆ ಐತಾರ ನಮ್ಮ ಮನಿಯವರ ಬರ್ತಡೇ ಇತ್ತು. ಪ್ರತಿ ವರ್ಷ ಅದ ಪನೀರ್ ಬಟರ್ ಮಸಾಲಾ ಅದ ತಂದೂರಿ ರೋಟಿ ಸಾಕಾಗೇತಿ ಅಂತ ದೊಡ್ಡ ಮಗಳು ಹಟಾ ಹಿಡದ್ಲು, ಬೆಳಗಾವ್ಯಾಗ ಹೊಸದಾಗಿ ಒಂದ್ ಗ್ರೀಕ್ ಹೋಟೆಲ್ ಆಗೇತಿ, ರೇಟ್ ಭಾಳ ಇಲ್ಲ, ಫ್ಯಾಮಿಲಿ ಹೋಗೂ ಹಂಗ ಐತಿ, ಅಲ್ಲೇ ಹೋಗೂನು ಅಂತ. ಆತ್ ತಗೋ ಅಂತ ನಾವು ಗಂಡ ಹೆಂಡ್ತಿ, ಮಕ್ಕಳಿಬ್ರು, ಮೈದುನ, ನೆಗೆಣ್ಣಿ, ಮತ್ತ 74 ವರ್ಷದ ನಮ್ಮ ಅತ್ತಿಯವರು, ಏಳು ಮಂದಿ ಹೋದ್ವಿ. ಎಲ್ಲಾರೂ ವೆಜ್ಜು.

ಒಳಗ ಹೋದ್ರ ಗ್ವಾಡಿಗೆಲ್ಲಾ ಬಿಳಿ ನೀಲಿ ಬಣ್ಣ, ಮ್ಯಾಲೆ ಪ್ಲಾಸ್ಟಿಕ್ಕಿನ ದ್ರಾಕ್ಷಿ ಬಳ್ಳಿ ಜೋತ್ ಬಿಟ್ಟಾರ, ಮೂಲ್ಯಾಗ ಒಂದು ಪಿಒಪಿ ಕಂಬ. ಆರ್ಡರ್ ತಗೊಳ್ಳಾಕ ಬಂದ ಹುಡುಗ ಖಾನಾಪುರ ಕಡೆಯಾಂವ, ಪಾಪ ಭಾಳ ಮರ್ಯಾದಿಲೇ ಮಾತಾಡಿದ. "ಆಯಿ, ಸ್ಯಾಲಡ್ ಮ್ಯಾಲ ಫೆಟಾ ಹಾಕ್ಲೇನ್ರಿ" ಅಂತ ಕೇಳಿದ. ನಮ್ಮ ಅತ್ತಿಯವರು ನನ್ನ ಕಡೆ ಹೊಳ್ಳಿ "ಫೇಟಾ ತಲಿಗೆ ಸುತ್ಕೋತಾರವಾ, ಇವ್ರು ತಿಂತಾರೇನ?" ಅಂದ್ರು. ಬಾಜೂ ಟೇಬಲ್ಲಿನವ್ರೂ ನಕ್ರು ನೋಡ್ರಿ.

ಬಿಲ್ ಹಿಂಗೈತಿ. ಝಾಝೀಕಿ ಮತ್ತ ಪಿಟಾ ಬ್ರೆಡ್ ಎರಡು ಪ್ಲೇಟ್ 360, ಗ್ರೀಕ್ ಸ್ಯಾಲಡ್ 220, ಪಾಲಕ್ ತುಂಬಿದ ಸ್ಪನಕೋಪಿತಾ 240, ವೆಜ್ ಮುಸಾಕಾ 290, ಪನೀರ್ ಗೈರೋ ಮೂರು 510, ಬಕ್ಲಾವಾ ಎರಡು ಪ್ಲೇಟ್ 320, ನೀರಿನ ಬಾಟ್ಲಿ ಮೂರು 60. ಬರೋಬ್ಬರಿ 2000. ಅದರ ಮ್ಯಾಲ ಸರ್ವಿಸ್ ಚಾರ್ಜ್ 100, ಎರಡೂ ಕೂಡ್ಸಿ ಅದರ ಮ್ಯಾಲ ಜಿಎಸ್‌ಟಿ 105. ಒಟ್ಟು 2205.

ಝಾಝೀಕಿ ಅಂದ್ರ ಏನೋ ಅಂತ ಕುಂತಿದ್ವಿ, ನೋಡಿದ್ರ ಸವತಿಕಾಯಿ ಪಚಡಿ! ಮೊಸರು ಸ್ವಲ್ಪ ಗಟ್ಟಿ, ಬಳ್ಳೊಳ್ಳಿ ಹಾಕ್ಯಾರ, ಮ್ಯಾಲ ಎಣ್ಣಿ ಸುರದಾರ. ಒಗ್ಗರಣಿ ಇಲ್ಲ. ಸ್ಯಾಲಡ್‌ನ್ಯಾಗ ಕರೀ ಕಾಯಿ ಇದ್ವಲ್ಲ ಆಲಿವ್ ಅಂತ, ಅತ್ತಿಯವರು ಒಂದ್ ಬಾಯಾಗ ಹಾಕ್ಕೊಂಡು "ಕವಳಿಕಾಯಿ ಉಪ್ಪಿನಕಾಯಿ ಕೆಟ್ಟೈತಿ" ಅಂತ ಸೆರಗಿನ್ಯಾಗ ಉಗುಳಿ ಗಂಟ್ ಕಟ್ಟಿದ್ರು. ಮುಸಾಕಾ ಒಂದ್ ಡಬ್ಬಿ ಮುಚ್ಚಳದಷ್ಟ ಇತ್ತು, ಏಳು ಮಂದಿ ಚಮಚದಲೇ ಹಂಚಕೊಂಡ್ವಿ. ಮನಿಗೆ ಬರೂದ್ರಾಗ ಒಂಬತ್ತೂವರಿ, ಚಪ್ಪಲಿ ಬಿಡೂಕಿಂತ ಮೊದಲ "ಒಂದೀಟ ಅನ್ನಕ್ಕಿಡವಾ" ಅಂದ್ರು ಅತ್ತಿಯವರು. ಎಲ್ಲಾರೂ ಉಂಡ್ರು. ಬರ್ತಡೇ ಇದ್ದಾವರ ಎರಡ್ ಸಲ ನೀಡಿಸ್ಕೊಂಡ್ರು.

ಈಗ ಹೇಳ್ರಿ, ನಾವು ಮೋಸ ಹೋದ್ವೋ, ಇಲ್ಲಾ ಗ್ರೀಕ್ ಊಟ ಅಂದ್ರ ಇದನೋ? ಹೋಟೆಲ್ ಹೆಸರು ಹಾಕೂದಿಲ್ಲ, ಹೊಸದಾಗಿ ಹೊಟ್ಟಿಪಾಡಿಗೆ ತೆರದಾರ, ಯಾಕ ಬೇಕು.

ಕ್ಯಾಂಪ್_ಹುಡುಗ

ತಲಿಗೆ 315 ಬಿತ್ತಲ್ಲ ಅಕ್ಕಾ, ಇವತ್ತಿನ ರೇಟಿಗೆ ಅಗ್ಗಾನ. ಎಲ್ಲಿ ಐತ್ರಿ ಹೋಟೆಲ್?

ಉದ್ಯಮಬಾಗ್_ಫಿಟ್ಟರ್

ಅಗ್ಗ ಅಂತ ತಮ್ಮಾ! 315 ರೂಪಾಯಿದಾಗ ನಾ ಖಾನಾವಳ್ಯಾಗ ಎರಡ್ ದಿನಾ ಉಣ್ತೀನಿ. ಎರಡ್ ಬಿಸಿ ರೊಟ್ಟಿ, ಒಂದ್ ಕಾಳ್ ಪಲ್ಯೆ, ಒಂದ್ ತಪ್ಪಲ ಪಲ್ಯೆ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ, ಮ್ಯಾಲ ಅನ್ನ ಸಾರು ಮಜ್ಜಿಗಿ, ಸಾಕು ಅಂದ್ರೂ ಬಿಡೂದಿಲ್ಲ ಅವ್ವ. ಅಲ್ಲಿ ಸವತಿಕಾಯಿ ಪುಕಟ ಕೊಡ್ತಾರ. ನೀವು ಅದಕ್ಕ ಝಾಝೀಕಿ ಅಂತ ಹೆಸರ ಇಟ್ಟು 180 ಕೊಟ್ಟ್ ಬಂದೀರಿ.

ಮಂಡ್ಯದಿಂದ_ಬಂದವಳು

ಸೌತೆಕಾಯಿ ಪಚಡಿ ಅಲ್ಲ ಅದು, ನಮ್ಮ ಕಡೆ ಮೊಸರುಬಜ್ಜಿ ಅಂತೀವಿ. ಹಸಿಮೆಣಸಿನಕಾಯಿ, ಸಾಸಿವೆ ಒಗ್ಗರಣೆ ಇಲ್ಲದೆ ಅದನ್ನ ಹೇಗೆ ತಿಂದ್ರಿ?

ಉದ್ಯಮಬಾಗ್_ಫಿಟ್ಟರ್

ಬಜ್ಜಿ ಅಂದ್ರ ಎಣ್ಯಾಗ ಕರದದ್ದು ಅಲ್ಲೇನ್ರಿ ಮೇಡಂ? ಮೊಸರಿನ್ಯಾಗ ಕರೀತೀರೇನ ನಿಮ್ಮ ಕಡೆ 😄

ಮಂಡ್ಯದಿಂದ_ಬಂದವಳು

ಈ ಊರಿಗೆ ಬಂದು ಎಂಟು ವರ್ಷ ಆಯ್ತು, ಈ ಜೋಕ್ ಎಂಬತ್ತನೇ ಸಲ ಕೇಳ್ತಿದೀನಿ.

ಮೆಲ್ಬೋರ್ನ್_ಬೆಳಗಾಂವಕರ

ಅಕ್ಕಾರ, ನಾ ಹುಟ್ಟಿ ಬೆಳದದ್ದು ವಡಗಾವಿ, ಈಗ ಹನ್ನೊಂದ್ ವರ್ಷದಿಂದ ಮೆಲ್ಬೋರ್ನ್. ಗ್ರೀಸ್ ಬಿಟ್ರ ಗ್ರೀಕ್ ಮಂದಿ ಭಾಳ ಇರೂ ಊರಿನ್ಯಾಗ ಇದೊಂದು, ಓಕ್ಲೀ ಅಂತ ಒಂದ್ ಭಾಗ ಐತಿ ಅಲ್ಲಿ ಓಣಿ ತುಂಬ ಅವರದ ಅಂಗಡಿ ಹೋಟೆಲ್. ಹಿಂಗಾಗಿ ಈ ವಿಷಯದಾಗ ಎರಡ್ ಮಾತು ಹೇಳೂ ಹಕ್ಕು ನಂಗೈತಿ ಅಂದ್ಕೋತೀನಿ.

ಮೊದಲ್ನೇದ್ದು, ಅದು ಗೈರೋ ಅಲ್ರಿ, ಯೀರೋ. ಯೀರೋಸ್ ಅಂದ್ರ ಗ್ರೀಕ್ ಭಾಷಾದಾಗ ತಿರುಗೂದು, ಸುತ್ತು. ನೆಟ್ಟಗ ನಿಂತ ಸರಳಿಗೆ ಮಾಂಸ ಚುಚ್ಚಿ ತಿರುಗಿಸಿಕೋತ ಸುಡ್ತಾರ, ಅದಕ್ಕ ಆ ಹೆಸರು. ಅಲ್ಲಿ ಬಹಳಷ್ಟು ಹಂದಿದು, ಇಲ್ಲಾ ಕೋಳಿದು. ಪನೀರ್ ಯೀರೋ ಅನ್ನೂದು ನಮ್ಮ ದೇಶದ ಕಂಡುಹಿಡಿಕಿ. ತಪ್ಪಂತ ಹೇಳೂದಿಲ್ಲ, ಹುಬ್ಬಳ್ಳಿ ಚೈನೀಸ್ ಗಾಡ್ಯಾಗ ಗೋಬಿ ಮಂಚೂರಿ ತಿಂದು ಬೆಳದ ನನಗ ಅದನ್ನ ಬೈಯೂ ನೈತಿಕ ಅಧಿಕಾರ ಇಲ್ಲ.

ಝಾಝೀಕಿ ಪಚಡಿನ, ನೀವು ಕರೆಕ್ಟ್ ಹೇಳೀರಿ. ಆದ್ರ ಮೊಸರು ಹಂಗ ಹಾಕೂದಿಲ್ಲ, ಅರಿವ್ಯಾಗ ಕಟ್ಟಿ ನೀರ ಇಳಸಿದ್ದು. ಅಂದ್ರ ನಾವು ಶ್ರೀಖಂಡಕ್ಕ ಮಾಡ್ತೀವಲ್ಲ ಚಕ್ಕಾ, ಅದ. ಸೂಪರ್ ಮಾರ್ಕೆಟ್‌ನ್ಯಾಗ ಗ್ರೀಕ್ ಯೋಗರ್ಟ್ ಅಂತ ಸಣ್ಣ ಡಬ್ಬಿಗೆ ದೊಡ್ಡ ರೊಕ್ಕಾ ತಗೋತಾರ ನೋಡ್ರಿ, ಅದೂ ಚಕ್ಕಾದ ತಮ್ಮನ. ಸವತಿಕಾಯಿ ಹೆರದು ಉಪ್ಪ ಹಚ್ಚಿ ಹಿಂಡಿ ನೀರ ತೆಗದು ಹಾಕಬೇಕು, ಸಬ್ಬಸಗಿ ಇಲ್ಲಾ ಪುದೀನಾ ಸಣ್ಣಗ ಹೆಚ್ಚಿ ಹಾಕ್ತಾರ. ನೀರ ಬಿಟ್ಟಿತ್ತಂದ್ರ ಅಡಗಿಯಾಂವ ಅರ್ಜೆಂಟ್ ಮಾಡ್ಯಾನ ಅಂತ ತಿಳೀರಿ.

ಸ್ಯಾಲಡ್: ಟಮಾಟಿ, ಸವತಿಕಾಯಿ, ಉಳ್ಳಾಗಡ್ಡಿ, ಡೊಣ್ಣಮೆಣಸಿನಕಾಯಿ, ಆಲಿವ್, ಮ್ಯಾಲ ಫೆಟಾ ಚೀಜಿನ ಒಂದ್ ದೊಡ್ಡ ಹೋಳು ಇಡಿದು ಇಡ್ತಾರ. ಲೆಟ್ಯೂಸ್ ಎಲಿ ಇತ್ತೇನು ನಿಮ್ಮ ಪ್ಲೇಟ್‌ನ್ಯಾಗ? ಇದ್ರ ಅದು ಗ್ರೀಸ್ ಹಳ್ಳಿದಲ್ಲ.

ಮುಸಾಕಾ ಸಣ್ಣದಿತ್ತು ಅಂತೀರಿ. ಅಲ್ಲಿ ಬದನಿಕಾಯಿ ಹೋಳು, ಕೈಮಾ, ಮ್ಯಾಲ ಹಾಲು ಮೈದಾ ಬೆಣ್ಣಿದು ಬಿಳಿ ಸಾಸ್ ಹಾಕಿ ಭಟ್ಟ್ಯಾಗ ಸುಡ್ತಾರ. ಆ ಬಿಳಿ ಪದರ ಹಳೇದಲ್ಲ ಮತ್ತ, ಫ್ರೆಂಚ್ ಅಡಗಿ ಕಲತ ನಿಕೋಲಾವೋಸ್ ತ್ಸೆಲೆಮೆಂತೆಸ್ ಅಂತ ಒಬ್ಬ ಬಾಣಸಿಗ 1920ರ ಸುಮಾರಿಗೆ ಸೇರಿಸಿದ್ದು.

ಶಹಾಪುರ_ಸೊಸಿ

ಅಣ್ಣಾರ ಲೆಟ್ಯೂಸ್ ಇತ್ರಿ, ಅರ್ಧಾ ಪ್ಲೇಟ್ ಅದ ಇತ್ತು! ಬಿಳಿ ಪದರ ನೋಡಿ ನಮ್ಮ ಅತ್ತಿಯವರು "ಎಣ್ಣಿಗಾಯಿ ಚಂದ ಮಾಡಿದ್ದ, ಮ್ಯಾಲ ಯಾಕ ಗಂಜಿ ಸುರದ" ಅಂದಿದ್ರು. ಈಗ ನೀವು ಬರದದ್ದು ಓದಿ ಹೇಳಿದೆ, ಒಂದ್ ನಮೂನಿ ಬೀಗ್ಯಾರ.

ಕಿಚನ್_ಕಾಕಾ

ನಾ ಇಪ್ಪತ್ತೆರಡು ವರ್ಷ ಗೋವಾ ಪುಣೆ ಹೋಟೆಲ್ ಕಿಚನ್‌ನ್ಯಾಗ ದುಡದಾಂವ, ಈಗ ಬೆಳಗಾವ್ಯಾಗ ಕೇಟರಿಂಗ್ ಮಾಡ್ತೀನಿ. ಎಲ್ಲಾರೂ ಹೋಟೆಲಿನಾಂವನ್ನ ಬೈಯೂದು ನಿಲ್ಲಸ್ರಿ ಸ್ವಲ್ಪ.

ಫೆಟಾ ಅಂದ್ರ ಏನಂತ ತಿಳ್ಕೊಂಡೀರಿ? ಕುರಿ ಹಾಲಿಂದು. ಕಡಿಮಿ ಅಂದ್ರೂ ನೂರಕ್ಕ 70 ಪಾಲು ಕುರಿ ಹಾಲು, ಉಳದದ್ದು ಆಡಿನ ಹಾಲು, ಉಪ್ಪು ನೀರಿನ್ಯಾಗ ಎರಡು ತಿಂಗಳರೆ ಇಟ್ಟು ಮಾಗಸಬೇಕು. 2002ರಾಗ ಯುರೋಪ್ ಒಕ್ಕೂಟ ಆ ಹೆಸರನ್ನ ಗ್ರೀಸಿಗೆ ಬರದ ಕೊಟ್ಟೈತಿ, ಡೆನ್ಮಾರ್ಕ್ ಜರ್ಮನಿ ಕೋರ್ಟಿಗೆ ಹೋಗಿ 2005ರಾಗ ಸೋತ್ವು. ಅಂಥಾ ಮಾಲು ಇಲ್ಲಿಗೆ ಫ್ರಿಜ್ ಗಾಡ್ಯಾಗ ಬಂದು 220 ರೂಪಾಯಿ ಸ್ಯಾಲಡ್ ಮ್ಯಾಲ ಬೀಳ್ತೈತೇನ್ರಿ? ಇಲ್ಲಿ ಸಿಗೂದು ಆಕಳ ಹಾಲಿಂದು. ಅದೂ ತೀರಿದ ದಿನಾ ಪನೀರಿಗೆ ಉಪ್ಪು ನಿಂಬಿರಸ ಹಚ್ಚಿ ಒಂದ್ ರಾತ್ರಿ ಇಡ್ತಾರ. ನಾನೂ ಮಾಡೀನಿ, ದೇವರಾಣಿ ಸುಳ್ಳ ಹೇಳೂದಿಲ್ಲ. ಕಚ್ಚಿದಾಗ ಪುಡಿ ಪುಡಿ ಆಗಿ ಉಪ್ಪುಪ್ಪು ಹುಳಿ ಬಂದ್ರ ಚೀಜ್, ರಬ್ಬರಿನಂಗ ಹಲ್ಲಿಗೆ ಕೀಚ್ ಅಂದ್ರ ಪನೀರ್.

ಎಣ್ಣಿ ಲೆಕ್ಕಾ ಯಾರೂ ಕೇಳೂದಿಲ್ಲ. ಗ್ರೀಕ್ ಅಡಗ್ಯಾಗ ಆಲಿವ್ ಎಣ್ಣಿ ಅಂದ್ರ ನಮ್ಮ ಶೇಂಗಾ ಎಣ್ಣಿ ಇದ್ದಂಗ, ಕೈ ಬಿಟ್ಟ ಸುರೀತಾರ. ನಿಮ್ಮ ಝಾಝೀಕಿ ಮ್ಯಾಲ ಸುರದಿದ್ದು ಖರೇ ಆಲಿವ್ ಎಣ್ಣಿ ಇದ್ರ ಅದ ಒಂದಕ್ಕ ಹೋಟೆಲಿನಾಂವಗ ಲಾಭ ಅರ್ಧಾ ಹೋತು.

ಬೀಳಗಿ_ಮಂದಿ

ಕುರಿ ಹಾಲು ಅಂದ್ರ ನಮ್ಮ ಬಾಗಲಕೋಟಿ ಜಿಲ್ಲಾದಾಗ ಏನ್ ಕಮ್ಮೀರಿ ಕಾಕಾ? ಸುಗ್ಗಿ ಆದಮ್ಯಾಲ ಹೊಲದಾಗ ಹಿಂಡ ಹಿಂಡ ಕುರಿ ಕೂಡಸ್ತಾರ. ನಾವ್ ಸಣ್ಣಾವ್ರಿದ್ದಾಗ ಕುರುಬರ ಅಜ್ಜಾ ಕುರಿ ಹಾಲಿನ ಚಾ ಕುಡಸ್ತಿದ್ದ, ದಪ್ಪ ಅಂದ್ರ ದಪ್ಪ, ಮ್ಯಾಲ ಜಿಡ್ಡಿನ ಕೆನಿ. ಗಿಣ್ಣಾನೂ ಮಾಡ್ತಿದ್ರು. ಆದ್ರ ಹಾಲು ಮಾರೂ ಪದ್ಧತಿ ಇಲ್ಲ, ಮರಿಗೆ ಬಿಡ್ತಾರ, ಉಣ್ಣಿ ಮತ್ತ ಮಾಂಸದ್ದ ವ್ಯಾಪಾರ. ಯಾರರೆ ಮನಸ್ ಮಾಡಿದ್ರ ಬೀಳಗಿ ಫೆಟಾ ಆಗಬಹುದು.

ಕ್ಯಾಂಪ್_ಹುಡುಗ

ಬೀಳಗಿ ಫೇಟಾ ಅಂದ್ರ ಜನಾ ಮತ್ತ ತಲಿಗೆ ಸುತ್ಕೋತಾರ.

ಲೆಕ್ಕದ_ಮಾಸ್ತರ

ಊಟದ ವಿಷಯ ನಂಗ ಗೊತ್ತಾಗೂದಿಲ್ಲ, ಬಿಲ್ ನೋಡಿ ಸುಮ್ಮನ ಕೂಡಾಕ ಆಗಲಿಲ್ಲ. ಸೊಸಿಯವರ, ನಿಮ್ಮ ಬಿಲ್‌ನ್ಯಾಗ ತಪ್ಪೈತಿ. 2022ರ ಜುಲೈದಾಗ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸೇತಿ: ಸರ್ವಿಸ್ ಚಾರ್ಜ್ ತಾವ ಬಿಲ್‌ನ್ಯಾಗ ಸೇರಿಸಿ ವಸೂಲ್ ಮಾಡೂ ಹಂಗಿಲ್ಲ, ಬ್ಯಾರೆ ಹೆಸರಿಲೇನೂ ಹಾಕೂ ಹಂಗಿಲ್ಲ, ಊಟದ ರೊಕ್ಕಕ್ಕ ಅದನ್ನ ಕೂಡಿಸಿ ಒಟ್ಟಿನ ಮ್ಯಾಲ ಜಿಎಸ್‌ಟಿ ಹಚ್ಚೂ ಹಂಗೂ ಇಲ್ಲ. ಹೋಟೆಲ್ ಸಂಘದವ್ರು ದಿಲ್ಲಿ ಹೈಕೋರ್ಟಿಗೆ ಹೋಗಿದ್ರು, 2025ರ ಮಾರ್ಚ್‌ನ್ಯಾಗ ಕೋರ್ಟ್ ಮಾರ್ಗಸೂಚಿನ ಎತ್ತಿ ಹಿಡೀತು. ನಿಮ್ಮ ಲೆಕ್ಕಾ 2000ಕ್ಕ 100 ಜಿಎಸ್‌ಟಿ, ಒಟ್ಟು 2100 ಆಗಬೇಕಿತ್ತು. 105 ರೂಪಾಯಿ ಜಾಸ್ತಿ ಕೊಟ್ಟೀರಿ. ಕೇಳ್ರಿ, ಕೊಡದಿದ್ರ ಗ್ರಾಹಕ ಸಹಾಯವಾಣಿ 1915ಕ್ಕ ಫೋನ್ ಹಚ್ರಿ.

ಉದ್ಯಮಬಾಗ್_ಫಿಟ್ಟರ್

ಎಸಿ ಹೋಟೆಲಿಗೆ ಜಿಎಸ್‌ಟಿ 18 ಅಲ್ಲೇನ್ರಿ ಸರ್?

ಲೆಕ್ಕದ_ಮಾಸ್ತರ

ಅದು ಹಳೇ ಕತಿ. 2017ರ ನವೆಂಬರ್‌ದಿಂದ ಎಸಿ ಇರಲಿ ಬಿಡಲಿ 5. ದಿನದ ಬಾಡಿಗಿ 7500 ರೂಪಾಯಿ ದಾಟೂ ರೂಮ್ ಇರೂ ದೊಡ್ಡ ಹೋಟೆಲ್ ಒಳಗಿನ ರೆಸ್ಟೋರೆಂಟಿಗೆ ಅಷ್ಟ 18. ಇನ್ನೊಂದು, ಸಣ್ಣ ಹೋಟೆಲಿನಾಂವ ಕಾಂಪೊಸಿಷನ್ ಸ್ಕೀಮ್‌ನ್ಯಾಗ ಇದ್ರ ಗಿರಾಕಿ ಕಡಿಂದ ಜಿಎಸ್‌ಟಿ ತಗೊಳ್ಳೂ ಹಂಗ ಇಲ್ಲ, ತನ್ನ ಕಿಸೇದಿಂದ ಕಟ್ಟಬೇಕು. ಬಿಲ್ ಮ್ಯಾಲ ಏನ್ ಬರದೈತಿ ಓದ್ರಿ.

ಕಿಚನ್_ಕಾಕಾ

ಮಾಸ್ತರ ಹೇಳಿದ್ದು ಕಾಯ್ದೆ ಪ್ರಕಾರ ಬರೋಬ್ಬರಿ. ಆದ್ರ ಆ ಖಾನಾಪುರ ಹುಡುಗಗ ಕೈಯಾಗ 50 ರೂಪಾಯಿ ಟಿಪ್ ಕೊಟ್ಟಿದ್ರೇನ್ರಿ? ಸರ್ವಿಸ್ ಚಾರ್ಜ್ ಮಾಲಕನ ಡ್ರಾದಾಗ ಹೋಗತೈತಿ, ಹುಡುಗ್ರಿಗೆ ಮುಟ್ಟೂದು ಅಷ್ಟಕ್ಕಷ್ಟ.

ಶಹಾಪುರ_ಸೊಸಿ

ಅತ್ತಿಯವರು ಕೊಟ್ಟಾರ್ರಿ ಕಾಕಾ, ಬಟವಿಯೊಳಗಿಂದ 20 ತಗದು. "ಆಯಿ ಅಂತ ಕರದಾನ" ಅಂತ.

ಕುಂದಾ_ಪ್ರೇಮಿ

ಯಾರೂ ಬಕ್ಲಾವಾ ಬಗ್ಗೆ ಮಾತಾಡವಲ್ರಿ. ಎರಡ್ ತುಂಡಿಗೆ 160! ಅಷ್ಟ ರೊಕ್ಕದಾಗ ಎಷ್ಟ್ ಕುಂದಾ ಬರತೈತಿ ಗೊತ್ತೈತೇನು. ಮತ್ತ ಪದರ ಪದರ ಬೇಕಂದ್ರ ನಮ್ಮ ಮಾಂಡೆ ಇಲ್ಲೇನು? ಮದವಿ ಮನ್ಯಾಗ ಮಾಂಡೆ ಮಾಡೂದು ನೋಡೀರೇನು, ಸಣ್ಣಗ ಸೋಸಿದ ಹಿಟ್ಟು ನಾದಿ, ಒಳಗ ಸಕ್ರಿ ತುಪ್ಪದ ಹೂರಣ ಇಟ್ಟು, ಎರಡೂ ಕೈ ಮ್ಯಾಲ ತಿರುವಿಕೋತ ತಿರುವಿಕೋತ ಧೋತರ ಆದಂಗ ಮಾಡಿ, ಬೋರಲಾಗಿ ಇಟ್ಟ ಕಾದ ಗಡಗಿ ಮ್ಯಾಲ ಹಾಕ್ತಾರ, ಕಣ್ಣ ಮುಚ್ಚಿ ತೆಗ್ಯೂದ್ರಾಗ ಬೇಯತೈತಿ, ಬಿಸಿ ಇದ್ದಾಗ ಮಡಚಬೇಕು ಇಲ್ಲಾಂದ್ರ ಪುಡಿ. ಆ ಕೈ ಎಷ್ಟ್ ಮಂದಿಗೈತಿ ಈಗ? ನಮ್ಮ ಓಣ್ಯಾಗ ಒಬ್ಬ ಅಜ್ಜಿ ಇದ್ರು, ಅವರ ಹಿಂದ ಯಾರೂ ಕಲೀಲಿಲ್ಲ.

ಮೆಲ್ಬೋರ್ನ್_ಬೆಳಗಾಂವಕರ

ಬರೋಬ್ಬರಿ ಹೋಲಿಕಿ. ಬಕ್ಲಾವಾ, ಸ್ಪನಕೋಪಿತಾ ಎರಡಕ್ಕೂ ಹಾಕೂ ಹಾಳಿಗೆ ಫಿಲೋ ಅಂತಾರ, ಫಿಲೋ ಅಂದ್ರ ಗ್ರೀಕ್‌ನ್ಯಾಗ ಎಲಿ.

ಗೋಳಗುಮ್ಮಟ_ಭಾಯಿ

ಬಕ್ಲಾವಾ ಗ್ರೀಕ್ ಅಂತ ಯಾರ್ ಹೇಳಿದ್ರು? ತುರ್ಕಿದು. ಗಾಜಿಯಾಂತೆಪ್ ಊರಿನ ಬಕ್ಲಾವಾಕ್ಕ 2013ರಾಗ ಯುರೋಪಿನವ್ರ ಮುದ್ರಿ ಒತ್ತಿ ಕೊಟ್ಟಾರ. ನಿಮ್ಮ ಯೀರೋನೂ ತುರ್ಕಿ ಡೋನರ್, ಅರಬರ ಕಡೆ ಅದ ಶವರ್ಮಾ. 1922ರಾಗ ಗ್ರೀಸ್ ತುರ್ಕಿ ಯುದ್ಧ ಮುಗದಮ್ಯಾಲ ತುರ್ಕಿ ಕಡೆಯಿಂದ ಗ್ರೀಸಿಗೆ ನಿರಾಶ್ರಿತರಾಗಿ ಹೋದ ಲಕ್ಷಾಂತರ ಮಂದಿ ಅಡಗಿ ಸೈತ ತಗೊಂಡ ಹೋದ್ರು. ನಮ್ಮ ವಿಜಾಪುರದ ಯೂಸುಫ್ ಆದಿಲ್ ಶಾಹನೂ ತುರ್ಕಿ ಸುಲ್ತಾನನ ಮಗಾ ಅಂತ ಇತಿಹಾಸಕಾರ ಫೆರಿಷ್ತಾ ಬರದಾನ, ಹಂಗ ನೋಡಿದ್ರ ಬಕ್ಲಾವಾದ ಮ್ಯಾಲ ನಮಗ ನಿಮಗಿಂತ ಜಾಸ್ತಿ ಹಕ್ಕು 😎

ಮೆಲ್ಬೋರ್ನ್_ಬೆಳಗಾಂವಕರ

ಭಾಯಿ, ಗ್ರೀಸ್ ಸುಮಾರು 400 ವರ್ಷ ಒಟ್ಟೊಮಾನ್ ತುರ್ಕರ ಕೈಯಾಗಿತ್ತು. ಒಂದ ಅಡಗಿಮನಿ, ಎರಡ ಬಾಗಲಾ. ಇಲ್ಲಿ ಗ್ರೀಕರ ಮುಂದ ತುರ್ಕಿ ಕಾಫಿ ಅಂದ್ರ ಮಾರಿ ಹುಳ್ಳಗ ಮಾಡ್ತಾರ, ಅದ ಕಪ್ಪು, ಅದ ಗಸಿ, ಗ್ರೀಕ್ ಕಾಫಿ ಅನ್ನಬೇಕು.

ಕುಂದಾ_ಪ್ರೇಮಿ

ಯಾರದು ಅನ್ನೂ ಜಗಳಾ ನಮ್ಮ ಊರಿಗೇನ್ ಹೊಸದೇನ್ರಿ. ಮುಂದ ಹೋಗೂನು, ಇಲ್ಲಾಂದ್ರ ಅಡ್ಮಿನ್ ಕೀಲಿ ಹಾಕ್ತಾರ.

ತಿಕೋಟಾ_ದ್ರಾಕ್ಷಿ

ನಮಸ್ಕಾರ, ನಂದು ಆರು ಎಕರೆ ದ್ರಾಕ್ಷಿ. ಗ್ರೀಕರು ದ್ರಾಕ್ಷಿ ಎಲಿಯೊಳಗ ಅಕ್ಕಿ ಸುತ್ತಿ ತಿಂತಾರ ಅಂತ ಕೇಳೀನಿ, ಖರೇನ? ಖರೇ ಇದ್ರ ನಮ್ಮಲ್ಲಿ ಏಪ್ರಿಲ್ ಚಾಟ್ನಿ (ಬಳ್ಳಿ ಕತ್ತರಿಸೂದು) ಆದಮ್ಯಾಲ ಎಲಿ ಗಾಡಿಗಟ್ಲೆ ಬರ್ತಾವು, ಸುಮ್ನ ಕಿತ್ತ್ ಒಗೀತೀವಿ.

ಮೆಲ್ಬೋರ್ನ್_ಬೆಳಗಾಂವಕರ

ಖರೇರಿ. ದೋಲ್ಮಾದೆಸ್ ಅಂತಾರ. ಎಳೀ ಎಲಿ ಬಿಸಿನೀರಾಗ ಅದ್ದಿ ತೆಗದು, ಅಕ್ಕಿ ಉಳ್ಳಾಗಡ್ಡಿ ಸಬ್ಬಸಗಿ ಪುದೀನಾ ಇಟ್ಟು ಬೆರಳಿನಷ್ಟ ಸುರುಳಿ ಸುತ್ತಿ, ಪಾತ್ರ್ಯಾಗ ಒತ್ತಾಗಿ ಜೋಡಿಸಿ ನಿಂಬಿರಸ ಎಣ್ಣಿ ನೀರ ಹಾಕಿ ಬೇಯಿಸ್ತಾರ. ಕೆಸುವಿನ ಎಲಿ ಸುತ್ತಿ ಮಾಡೂ ಅಳೂವಡಿ ತಿಂದಾವರಿಗೆ ಹೊಸದ ಅನ್ಸೂದಿಲ್ಲ. ಮಾಂಸ ಹಾಕದ್ದಕ್ಕ ಯಲಾಂಜಿ ಅಂತಾರ, ಅಂದ್ರ ತುರ್ಕಿ ಮಾತಿನ್ಯಾಗ ಸುಳ್ಳ. ನಾವೆಲ್ಲಾ ತಿನ್ನೂದು ಸುಳ್ಳ ದೋಲ್ಮಾ. ನಿಮ್ಮ ತೋಟದಾಗ ಥಾಮ್ಸನ್ ಸೀಡ್‌ಲೆಸ್ ಇದ್ರ ಅದು ಅವರ ಸುಲ್ತಾನಾ ದ್ರಾಕ್ಷಿನ, ಎಲಿ ತೆಳ್ಳಗ ಚಲೋ ಇರ್ತೈತಿ.

ತಿಕೋಟಾ_ದ್ರಾಕ್ಷಿ

ಥಾಮ್ಸನ್‌ನ ಐತಿ. ಆದ್ರ ಈಗ ನೆನಪಾತು, ಯಾರೂ ನಮ್ಮ ತೋಟಕ್ಕ ಬಂದು ಎಲಿ ಹರಕೊಂಡು ಹೋಗಿ ಉಂಡೀರಿ ಮತ್ತ! ಡೌನಿ ಬಂತಂದ್ರ ಒಂದು, ಬೂದಿ ರೋಗ ಬಂತಂದ್ರ ಒಂದು, ಮೋಡ ಕವಿದ್ರ ಇನ್ನೊಂದು, ಔಷಧ ಹೊಡಿಯೂದ ಹೊಡಿಯೂದು. ಮೈಲುತುತ್ತ ಸುಣ್ಣ ಹೊಡದು ಎಲಿ ನೀಲಿ ಆಗಿರ್ತಾವು. ಹಣ್ಣಿಗಾದ್ರ ಕೊಯ್ಯೂಕಿಂತ ಇಷ್ಟ್ ದಿನಾ ಮೊದ್ಲ ನಿಲ್ಲಸಬೇಕು ಅಂತ ಲೆಕ್ಕಾ ಐತಿ, ಎಲಿಗೆ ಯಾರ್ ಲೆಕ್ಕಾ ಇಡ್ತಾರ? ತಿನ್ನೂ ಹಂಬಲಿದ್ರ ಹಿತ್ತಲದಾಗ ಒಂದ್ ಬಳ್ಳಿ ಬ್ಯಾರೆ ಹಚ್ಚಿ ಔಷಧ ಹೊಡಿಯದಂಗ ಬೆಳಸ್ರಿ. ನಮ್ಮಾಕಿ ಕೇಳಾಕತ್ತಾಳ, ಒಂದ್ ಬಳ್ಳಿ ಹಚ್ಚೂನೇನು ಅಂತ.

ಬಾದಾಮಿ_ಬಂಡೆ

ಬ್ಯಾರೆ ಒಂದ್ ಮಾತು. ಗ್ರೀಕರು ನಮಗೇನ್ ಹೊಸಬರಲ್ರಿ. ಅಲೆಕ್ಸಾಂಡ್ರಿಯಾದಾಗ ಕುಂತು ಎರಡನೇ ಶತಮಾನದಾಗ ಗ್ರೀಕ್ ಭಾಷಾದಾಗ ಭೂಗೋಳ ಬರದ ಟಾಲೆಮಿ ನಮ್ಮ ಬಾದಾಮಿನ್ನ ಬದಿಯಮಾಯಿ ಅಂತ ಬರದಾನ ಅಂತ ವಿದ್ವಾಂಸರು ಗುರುತಿಸ್ಯಾರ. ಚಾಲುಕ್ಯರು ಬರೂಕಿಂತ ಸುಮಾರು 400 ವರ್ಷ ಮೊದಲ. ಇನ್ನೊಂದು, ಈಜಿಪ್ತಿನ ಆಕ್ಸಿರಿಂಕಸ್‌ನ್ಯಾಗ ತಿಪ್ಪಿ ಅಗದಾಗ ಸಿಕ್ಕ ಒಂದ್ ಗ್ರೀಕ್ ಪ್ರಹಸನದಾಗ ಭಾರತದ ರಾಜಾ ಮತ್ತ ಅವನ ಮಂದಿ ತಮ್ಮ ಭಾಷಾ ಮಾತಾಡ್ತಾರ, ಅದು ಕನ್ನಡ ಅಂತ 1904ರಾಗ ಹುಲ್ಷ್ ಅನ್ನೂ ಜರ್ಮನ್ ವಿದ್ವಾಂಸ ಹೇಳಿದ. ಆಮ್ಯಾಲ ಶಾಮಾಶಾಸ್ತ್ರಿ, ಗೋವಿಂದ ಪೈ ಅದರ ಮ್ಯಾಲ ಕೆಲಸಾ ಮಾಡ್ಯಾರ. ಎಲ್ಲಾ ಪಂಡಿತರು ಒಪ್ಪಿಲ್ಲ ಅದನ್ನ. ಆದ್ರ ನಾಟಕದಾಗ ಆ ರಾಜಗ ನೀರ ಬೆರಸದ ವೈನ್ ಕುಡಿಸಿ ನಿಶೆ ಏರಿಸಿ ಗ್ರೀಕರು ಓಡಿ ಹೋಗ್ತಾರ.

ಉದ್ಯಮಬಾಗ್_ಫಿಟ್ಟರ್

ಈಗಿನ ಗ್ರೀಕ್ ಹೋಟೆಲಿನಾಂವ ಪಚಡಿ ಕೊಟ್ಟು 2205 ಇಸ್ಕೊಂಡ. ಪದ್ಧತಿ ಬಿಟ್ಟಿಲ್ಲ.

ಮಂಡ್ಯದಿಂದ_ಬಂದವಳು

😂😂 ಇವತ್ತು ಆಫೀಸಲ್ಲಿ ಜೋರಾಗಿ ನಕ್ಕು ಬೈಸ್ಕೊಂಡೆ.

ಮೆಲ್ಬೋರ್ನ್_ಬೆಳಗಾಂವಕರ

ಅಕ್ಕಾರ ಮೂಲ ಪ್ರಶ್ನೆಗೆ ಬರ್ತೀನಿ, ಹೊಟ್ಟಿ ಯಾಕ ತುಂಬಲಿಲ್ಲ ಅಂತ. ನೀವು ತರಿಸಿದ್ದರಾಗ ಬಹಳಷ್ಟು ನಂಜಿಕೊಳ್ಳೂದು. ಝಾಝೀಕಿ, ಸ್ಯಾಲಡ್ಡು, ಎರಡ್ ತುಂಡು ಸಿಹಿ. ಬರೇ ಚಟ್ನಿ ಕೋಸಂಬರಿ ತರಿಸಿ ರೊಟ್ಟಿ ತರಿಸದಂಗ ಆತು. ತಪ್ಪು ನಿಮ್ಮದಲ್ಲ, ಹೋಟೆಲ್ ಮೆನುದಾಗ ಇರೂದ ಅದು, ಫೋಟೋ ಚಂದ ಬರೂವಂಥದ್ದು.

ನಮ್ಮ ಬಾಜೂ ಮನ್ಯಾಗ ಒಬ್ಬ ಗ್ರೀಕ್ ಅಜ್ಜಿ ಅದಾರ, ಯಾಯಾ ಅಂತ ಕರೀತೀವಿ. ನಾ ವೆಜ್ ಅಂದಾಗ ಮೊದಲ ಅಳೂದೊಂದ ಬಾಕಿ, ಕೋಳಿನೂ ಇಲ್ಲೇನ ಅಂತ. ಆಮ್ಯಾಲ ಅವರಿಗೆ ಹೊಳೀತು, "ಓ, ನಿಸ್ತಿಸಿಮಾ!" ಅಂದ್ರು. ಅವರ ಧರ್ಮದಾಗ ಉಪವಾಸ ಭಾಳ. ಬುಧವಾರ ಶುಕ್ರವಾರ, ಈಸ್ಟರ್‌ಕಿಂತ ಮೊದಲ ತಿಂಗಳ ಮ್ಯಾಲ ಮಾಂಸ ಇಲ್ಲ, ತತ್ತಿ ಇಲ್ಲ, ಹಾಲು ಮೊಸರು ಸೈತ ಇಲ್ಲ. ಆ ಉಪವಾಸದ ಅಡಗಿಗೆ ನಿಸ್ತಿಸಿಮಾ ಅಂತಾರ. ಅವತ್ತಿಂದ ನಂಗ ಅವರ ಮನ್ಯಾಗ ಬರೂದ ಏನು, ಬಿಳಿ ಅವರಿಕಾಳಿನಂಥಾ ಕಾಳಿನ ಸಾರು ಫಸೋಲಾದಾ, ರಾತ್ರಿಯಿಡೀ ಭಟ್ಟ್ಯಾಗ ಇಟ್ಟ ಕಡ್ಲಿಕಾಳು, ಟಮಾಟಿ ಒಳಗ ಅಕ್ಕಿ ತುಂಬಿದ್ದು, ತಪ್ಪಲ ಬೇಯಿಸಿ ನಿಂಬಿರಸ ಹಿಂಡಿದ್ದು. ಹಳದಿ ಬಟಾಣಿ ಬ್ಯಾಳಿ ಮೆತ್ತಗ ಕುದಿಸಿ ಕಡದು ಮ್ಯಾಲ ಹಸಿ ಉಳ್ಳಾಗಡ್ಡಿ ಎಣ್ಣಿ ಹಾಕಿದ್ದಕ್ಕ ಫಾವಾ ಅಂತಾರ. ನಮ್ಮ ಅವ್ವ ಇಲ್ಲಿಗೆ ಬಂದಾಗ ಅದನ್ನ ತಿಂದು "ಒಗ್ಗರಣಿ ಮರತ ಗಟ್ಟಿ ಬ್ಯಾಳಿ" ಅಂದ್ಲು. ಆದ್ರ ಎರಡ್ ಸಲ ಹಾಕಿಸ್ಕೊಂಡ್ಲು.

ಗ್ರೀಕ್ ಬಡವರ ಮನಿ ಊಟ ಇದು, ಹೊಟ್ಟಿ ತುಂಬಸೂದು ಇದು. ಇದನ್ನ ಮಾತ್ರ ಯಾವ ಹೋಟೆಲಿನಾಂವನೂ ಮೆನುದಾಗ ಹಾಕೂದಿಲ್ಲ, 180 ರೂಪಾಯಿ ಇದಕ್ಕ ಯಾರ್ ಕೊಡ್ತಾರ?

ಕಿಚನ್_ಕಾಕಾ

ಇದಕ್ಕ ನನ್ನ ಸಹಿ. ನಮ್ಮ ಹೋಟೆಲಿನವ್ರೂ ಅಷ್ಟ ಅಲ್ಲೇನು, ಸಾದಾ ಮಡಕಿಕಾಳ ಪಲ್ಯೆ ಎಲ್ಲಿ ಸಿಗತೈತಿ ಖಾನಾವಳಿ ಬಿಟ್ಟು?

ಮಂಡ್ಯದಿಂದ_ಬಂದವಳು

ಯಾಯಾ ಸಿಹಿ ಏನ್ ಮಾಡ್ತಾರೆ ಉಪವಾಸದಲ್ಲಿ? ತುಪ್ಪ ಹಾಲು ಇಲ್ದೆ?

ಮೆಲ್ಬೋರ್ನ್_ಬೆಳಗಾಂವಕರ

ಹಲ್ವಾ. ಲೆಕ್ಕಾ ಒಂದು ಎರಡು ಮೂರು ನಾಕು: ಎಣ್ಣಿ 1 ವಾಟಗಾ, ದಪ್ಪ ರವಾ 2, ಸಕ್ರಿ 3, ನೀರು 4. ಎಣ್ಯಾಗ ರವಾ ಕೆಂಪಗ ಹುರದು, ದಾಲ್ಚಿನ್ನಿ ಹಾಕಿ ಕುದಿಸಿದ ಸಕ್ರಿ ನೀರು ಸುರಬೇಕು, ಸಿಡೀತೈತಿ ಹುಷಾರ್. ಗಟ್ಟಿ ಆದಮ್ಯಾಲ ಬಟ್ಟಲಕ್ಕ ಒತ್ತಿ ಆರಿಸಿ ಬೋರಲ ಹಾಕ್ತಾರ. ಪುಸ್ತಕ ನೋಡೂದ ಬ್ಯಾಡ, ಎಣಿಕಿ ಬಂದ್ರ ಸಾಕು.

ಶಹಾಪುರ_ಸೊಸಿ

ಅಪ್ಡೇಟ್ ಕೊಡ್ತೀನ್ರಿ. ಮೆಲ್ಬೋರ್ನ್ ಅಣ್ಣಾರು ಹೇಳಿದ್ದನ್ನ ಅತ್ತಿಯವರಿಗೆ ಓದಿ ಹೇಳಿದೆ. "ಮೂರು ಸಕ್ರಿ? ಅವ್ರಿಗೆ ಶುಗರ್ ಇಲ್ಲೇನ?" ಅಂದ್ರು, ಆದ್ರ ಸಂಜಿಮುಂದ ತಾವ ಒಲಿ ಮುಂದ ನಿಂತ್ರು. ನಾ ಬ್ಯಾಡಂದ್ರೂ ಸಕ್ರಿ ಎರಡ ವಾಟಗಾ ಹಾಕಿದ್ರು. ಶೇಂಗಾ ಎಣ್ಣಿಲೇ ಮಾಡಿದ್ವಿ, ಹುರಿಯೂವಾಗ ವಾಸ್ನಿ ಮನಿತುಂಬ. ಅಳತಿ ಮಾತ್ರ ಬರೋಬ್ಬರಿ ಐತ್ರಿ, ಒಂದ್ ಗಂಟಿಲ್ಲದಂಗ ಬಂತು. ತಟ್ಯಾಗ ಬೋರಲ ಹಾಕಿ ಬಟ್ಟಲಾ ಎತ್ತಿದಾಗ ಗೋಳಗುಮ್ಮಟದಂಗ ನಿಂತಿತ್ತು, ಮಕ್ಕಳು ಫೋಟೋ ತಗೊಂಡ್ರು. ಅತ್ತಿಯವರು ಒಂದ್ ಚಮಚೆ ತಿಂದು "ಶಿರಾನ ಇದು. ತುಪ್ಪಿಲ್ಲದ ಶಿರಾ ಅಂದ್ರ ಮದುಮಗ ಇಲ್ಲದ ದಿಬ್ಬಣ" ಅಂದು, ಒಳಗ ಹೋಗಿ ತುಪ್ಪದ ಡಬ್ಬಿ ತಂದು ಮ್ಯಾಲ ಎರಡ್ ಚಮಚೆ ಹಾಕ್ಕೊಂಡು ಬಟ್ಟಲಾ ಖಾಲಿ ಮಾಡಿದ್ರು.

ಮತ್ತ ಲೆಕ್ಕದ ಮಾಸ್ತರ, ನಮ್ಮ ಮನಿಯವರು ಹೋಟೆಲಿಗೆ ಹೋಗಿ ಬಿಲ್ ತೋರಿಸಿ ಕೇಳಿದ್ರು. ಮಾಲಕ ಒಂದ್ ಮಾತ್ ತಿರುಗಿ ಆಡಲಿಲ್ಲ, ಸಾಫ್ಟವೇರ್‌ನ್ಯಾಗ ಹಂಗ ಬಂದೈತಿ ಅಂತ ಹೇಳಿ 105 ರೂಪಾಯಿ ವಾಪಸ್ ಕೊಟ್ಟ. ಇವ್ರಿಗೆ ನಾಚಿಕಿ ಆಗಿ ಒಂದ್ ಬಕ್ಲಾವಾ ಪ್ಲೇಟ್ ಕಟ್ಟಿಸ್ಕೊಂಡು ಬಂದಾರ. 160 ಮತ್ತ ಹೋತು.

ಲೆಕ್ಕದ_ಮಾಸ್ತರ

ಮ್ಯಾಲ 5 ಪರ್ಸೆಂಟ್ ಹಿಡೀರಿ. 168.

ತಿಕೋಟಾ_ದ್ರಾಕ್ಷಿ

ನಮ್ಮಾಕಿ ಬಳ್ಳಿ ಹಚ್ಯಾಳ, ಬಚ್ಚಲ ನೀರ ಹರಿಯೂ ಕಡೆ. ಎಲಿ ಬಂದ್ರ ಹೇಳ್ತೀನಿ.

ಕ್ಯಾಂಪ್_ಹುಡುಗ

ಮೊದಲಿಂದ ಕಡೀತನಕ ಎಲ್ಲಾ ಓದಿದೆ ಅಕ್ಕಾ, ಟಾಲೆಮಿನೂ ಓದಿದೆ. ಹೋಟೆಲ್ ಎಲ್ಲಿ ಐತಿ ಅಂತ ಯಾರೂ ಹೇಳವಲ್ರಿ.

ಶಹಾಪುರ_ಸೊಸಿ

ಹೆಸರು ಹಾಕೂದಿಲ್ಲ ಅಂದೀನಲ್ಲೋ ತಮ್ಮಾ. ಊರಾಗ ಗಾಡಿ ಹೊಡಕೋತ ಹೋಗು, ಪಿಒಪಿ ಕಂಬ ಎಲ್ಲಿ ಕಾಣಸ್ತೈತಿ ಅಲ್ಲೇ. ಹೋದ್ರ ಮನ್ಯಾಗ ಅನ್ನಕ್ಕಿಟ್ಟ್ ಹೋಗು.